ಎಡಗಡೆಯ ದೀಪ

ಸೋದರಮಾವನ ಸ್ಟುಡಿಯೋದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಫೋಟೋ ತೆಗೆಯುವುದಲ್ಲ, ಮೊಡವೆ ತೆಗೆಯುವುದು. ಆಗ 1992. ಪಿಯುಸಿ ಮುಗಿಸಿ ಹಾಸನದ ಮನೆಯಲ್ಲಿ ಸುಮ್ನೆ ಕೂತಿದ್ದೆ. ಮಾವ ಕರೆದು ಕೈಗೊಂದು ಚೂಪು ಪೆನ್ಸಿಲ್ ಕೊಟ್ಟರು. ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, ಮುಖದಲ್ಲಿ ಕಲೆ ಇರುವ ಕಡೆ ಸಣ್ಣ ಸಣ್ಣ ಗೆರೆ ಎಳೆಯಬೇಕು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಇದಕ್ಕೆ ಟಚಿಂಗ್ ಅನ್ನುತ್ತಿದ್ದೆವು. ಗಂಡಿನ ಕಡೆಗೆ ಕಳಿಸುವ ಫೋಟೋ ಅಂದರೆ ಟಚಿಂಗ್ ಜಾಸ್ತಿ.

ಡಾರ್ಕ್‌ರೂಮಿಗೆ ಬಿಟ್ಟುಕೊಂಡಿದ್ದು ಒಂದು ವರ್ಷದ ಮೇಲೆ. ಕೆಂಪು ಬಲ್ಬು, ಹೈಪೋ ಅನ್ನುವ ರಾಸಾಯನಿಕದ ವಾಸನೆ, ತಗಡಿನ ಟ್ರೇ. ನೆಗೆಟಿವ್ ಅನ್ನು ದೊಡ್ಡದಾಗಿ ಮೂಡಿಸುವ ಎನ್‌ಲಾರ್ಜರ್‌ನ ಬೆಳಕು ಕಾಗದದ ಮೇಲೆ ಬೀಳುವಾಗ ಮಾವ ಅಂಗೈ ಅಡ್ಡ ಹಿಡಿಯುತ್ತಿದ್ದರು. ಕೈಯ ನೆರಳು ಬಿದ್ದ ಜಾಗಕ್ಕೆ ಬೆಳಕು ಕಡಿಮೆ, ಹಾಗಾಗಿ ಅಲ್ಲಿ ಮುಖ ತಿಳಿಯಾಗುತ್ತಿತ್ತು. ಕೈ ಮಾತ್ರ ಅಲ್ಲಾಡುತ್ತಲೇ ಇರಬೇಕು. ನಿಂತರೆ ಗೆರೆ ಬೀಳುತ್ತದೆ, ಮೋಸ ಗೊತ್ತಾಗುತ್ತದೆ.

1998ರಲ್ಲಿ ಬೆಂಗಳೂರಿನ ಒಂದು ಲ್ಯಾಬಿಗೆ ಸೇರಿದೆ. ಅಲ್ಲಿ ಮೊದಲ ಸಲ ಫೋಟೋಶಾಪ್ ನೋಡಿದೆ. ಫೋಟೋದ ಒಂದು ಭಾಗವನ್ನು ಕಪ್ಪಾಗಿಸುವ ಬರ್ನ್ ಟೂಲ್‌ನ ಗುರುತು ನೋಡಿ ನಗು ಬಂತು. ಅದೊಂದು ಪುಟ್ಟ ಕೈ! ನನಗೆ ಅದು ಮಾವನ ಕೈ ಥರವೇ ಕಂಡಿತು. 'ಕಂಪ್ಯೂಟರ್ ಬಂದಮೇಲೆ ಫೋಟೋ ಸುಳ್ಳು ಹೇಳೋಕೆ ಶುರು ಮಾಡ್ತು' ಅಂತ ಯಾರಾದರೂ ಅಂದರೆ ನನಗೆ ಆ ಪೆನ್ಸಿಲ್ ನೆನಪಾಗುತ್ತದೆ. ಹೊಸದಾಗಿ ಬಂದಿದ್ದು ಲೇಯರ್. ಒಂದರ ಮೇಲೊಂದು ಗಾಜು ಜೋಡಿಸಿದ ಹಾಗೆ, ಬೇಡವಾದದ್ದನ್ನು ಎಳೆದು ಬಿಸಾಡಬಹುದು. ಡಾರ್ಕ್‌ರೂಮಿನಲ್ಲಿ ತಪ್ಪಿದರೆ ಒಂದು ಕಾಗದ ಹೋಯಿತು, ಜೊತೆಗೆ ಮಾವನ ಬೈಗುಳ.

ಮುಂದಿನ ಐದಾರು ವರ್ಷ ಮದುವೆ ಆಲ್ಬಂ. ಚಂದ್ರನ ಒಳಗೆ ಮದುಮಗಳು, ಗುಲಾಬಿ ಒಳಗೆ ಮದುಮಗ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಟ್ಟೆ ತುಂಬಿತು, ಕೈ ಪಳಗಿತು.

2004ರಲ್ಲಿ ಸಾಲ ಮಾಡಿ ಕ್ಯಾನನ್ 300ಡಿ ಕೊಂಡೆ. ಆರು ಮೆಗಾಪಿಕ್ಸೆಲ್. ಪರದೆಯ ಮೇಲೆ ನೋಡಿದರೆ ಏನು ಚೆಂದ! ಒಂದು ಗುಂಪು ಪ್ರದರ್ಶನಕ್ಕೆ ಮೂರು ಅಡಿ ಅಗಲದ ಪ್ರಿಂಟ್ ಹಾಕಿಸಿದೆ. ಆ ಕ್ಯಾಮೆರಾದ ಚಿತ್ರದ ಅಗಲ 3072 ಚುಕ್ಕೆ. 36 ಇಂಚಿಗೆ ಹಂಚಿದರೆ ಇಂಚಿಗೆ 85 ಚುಕ್ಕೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ 300 ಇರಲಿ ಅನ್ನುತ್ತಾರೆ. ದೂರದಿಂದ ನೋಡುವ ದೊಡ್ಡ ಚಿತ್ರಕ್ಕೆ ಕಡಿಮೆ ಸಾಕು, ನಿಜ. ಆದರೆ ನಮ್ಮ ಜನ ದೂರದಿಂದ ನೋಡುವುದಿಲ್ಲ, ಮೂಗು ತಾಗಿಸಿಯೇ ನೋಡುತ್ತಾರೆ. ಸಾಲದ್ದಕ್ಕೆ ಪ್ರಿಂಟ್ ಮಂಕಾಗಿ ಬಂದಿತ್ತು. ನಾನು ರಾತ್ರಿ ಕತ್ತಲಲ್ಲಿ, ಮಾನಿಟರ್ ಬೆಳಕನ್ನು ಪೂರ್ತಿ ಏರಿಸಿಕೊಂಡು ಕೆಲಸ ಮಾಡಿದ್ದೆ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುತ್ತಾ? ಆಮೇಲಿಂದ ಮಾನಿಟರ್ ಬೆಳಕು ಅರ್ಧಕ್ಕೆ ಇಳಿಸಿದ್ದೇನೆ. ದೊಡ್ಡ ಪ್ರಿಂಟಿಗೆ ಮುಂಚೆ ಅದೇ ಕಾಗದದಲ್ಲಿ ಅಂಗೈ ಅಗಲದ ಒಂದು ತುಂಡು ಹಾಕಿಸಿ, ಹಗಲು ಬೆಳಕಲ್ಲಿ ನೋಡುತ್ತೇನೆ.

ಅನಿಮೇಷನ್‌ಗೆ ಬಂದಿದ್ದು ಮಗಳಿಂದ. ಅವಳ ಚನ್ನಪಟ್ಟಣದ ಗೊಂಬೆಗಳನ್ನು ಓಡಾಡಿಸಿ ತೋರಿಸು ಅಂತ ಹಟ ಹಿಡಿದಳು. ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡಬೇಕು. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಫೋಟೋ ಬೇಕು. ಒಂದೂವರೆ ನಿಮಿಷಕ್ಕೆ 1080. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸು, ಕ್ಲಿಕ್ ಮಾಡು, ಮತ್ತೆ ಸರಿಸು. ಹದಿನೈದು ದಿನ ಊಟದ ಮೇಜು ನಮಗೆ ಸಿಗಲಿಲ್ಲ. ನೆಲದ ಮೇಲೆ ಕೂತೇ ಉಂಡೆವು.

ಎಲ್ಲ ಜೋಡಿಸಿ ಓಡಿಸಿದರೆ ಚಿತ್ರ ಮಿಣಮಿಣ ಅನ್ನುತ್ತಿತ್ತು. ಒಂದು ಫ್ರೇಮ್ ಬೆಳ್ಳಗೆ, ಇನ್ನೊಂದು ಕಂದು. ಕಾರಣ ಒಂದಲ್ಲ, ನಾಲ್ಕು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲೇ ಇತ್ತು, ಇದು ಶುದ್ಧ ನನ್ನ ದಡ್ಡತನ. ಸಂಜೆಯಾದರೆ ವೋಲ್ಟೇಜ್ ಇಳಿದು ಬಲ್ಬು ಮಂಕಾಗುತ್ತಿತ್ತು. ಮೂರನೆಯದು ಲೆನ್ಸಿನದು. ಪ್ರತಿ ಕ್ಲಿಕ್ಕಿಗೂ ಅದರ ಒಳಗಿನ ಎಲೆಗಳು ಮುಚ್ಚಿ ತೆರೆಯುತ್ತವೆ, ಪ್ರತಿ ಸಲ ಒಂದೇ ಅಳತೆಗೆ ಬಂದು ನಿಲ್ಲುವುದಿಲ್ಲ. ಬಿಡಿ ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಸಾಲಾಗಿ ಓಡಿಸಿದಾಗ ಬೀಳುತ್ತದೆ. ಇದಕ್ಕೊಂದು ಉಪಾಯ ಸಿಕ್ಕಿತು. ಎಲೆಗಳನ್ನು ಮೊದಲೇ ಬೇಕಾದ ಅಳತೆಗೆ ಮುಚ್ಚಿ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಗುಂಡಿ ಒತ್ತಿ ಹಿಡಿದುಕೊಂಡೇ ಲೆನ್ಸನ್ನು ಒಂಚೂರು ತಿರುಗಿಸಿ ಸಡಿಲ ಮಾಡಬೇಕು. ಕ್ಯಾಮೆರಾಗೂ ಲೆನ್ಸಿಗೂ ಮಾತುಕತೆ ನಿಂತುಹೋಗುತ್ತದೆ. ಎಲೆಗಳು ಇದ್ದಲ್ಲೇ ಇರುತ್ತವೆ. ಲೆನ್ಸ್ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ, ಅಷ್ಟೇ.

ನಾಲ್ಕನೆಯದನ್ನು ಹಿಡಿದವಳು ಮಗಳು. 'ಅಪ್ಪಾ, ಗೊಂಬೆ ಹೊಟ್ಟೇಲಿ ನೀನಿದೀಯ' ಅಂದಳು. ಈ ಗೊಂಬೆ ಆಲೆ ಮರದ್ದು. ಕಡೆಯುವ ಯಂತ್ರದಲ್ಲಿ ತಿರುಗುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ, ಆ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆ ಹೊಳಪಿನ ಒಳಗೆ ನನ್ನ ಬಿಳಿ ಬನಿಯನ್ ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಇತ್ತು! ಕಿಟಕಿಗೆ ಕಪ್ಪು ಕಂಬಳಿ ಹೊದಿಸಿ, ಕಪ್ಪು ಅಂಗಿ ಹಾಕಿಕೊಂಡು, ಪ್ರತಿ ಕ್ಲಿಕ್ಕಿಗೂ ಒಂದೇ ಜಾಗದಲ್ಲಿ ನಿಂತು ಎಲ್ಲ 1080 ಮತ್ತೆ ತೆಗೆದೆ.

ಪ್ರದರ್ಶನ ಏರ್ಪಡಿಸುವ ಹುಚ್ಚು ಹತ್ತಿದ್ದು ಬೆಂಗಳೂರಿನ ಚಿತ್ರಸಂತೆ ನೋಡಿ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ತುಂಬ ಚಿತ್ರ, ರಸ್ತೆ ತುಂಬ ಜನ. ಐಸ್‌ಕ್ರೀಂ ತಿನ್ನುತ್ತಾ ಬಂದವರು ಯಾವುದೋ ಒಂದು ಚಿತ್ರದ ಮುಂದೆ ತಿನ್ನುವುದನ್ನೇ ಮರೆತು ನಿಲ್ಲುತ್ತಾರೆ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳುವುದಕ್ಕೆ ಹಿಂಜರಿಯುವವರು ಇವರೇ. ನಮ್ಮ ಊರ ಕಡೆ ಗ್ಯಾಲರಿಯೇ ಇಲ್ಲ. ಹಾಗಾಗಿ ನಾವು ಐದು ಜನ ಸೇರಿ ಶಾಲೆ, ಛತ್ರ, ಗ್ರಂಥಾಲಯಗಳಲ್ಲಿ ಶುರು ಮಾಡಿದೆವು.

ಚಿತ್ರದ ನಡು ನೆಲದಿಂದ 58 ಇಂಚಿನ ಸುಮಾರಿಗೆ ಇದ್ದರೆ ನಿಂತವರ ಕಣ್ಣಿಗೆ ಸರಿ. ಶಾಲೆಯಲ್ಲಿ ಹಾಗೇ ತೂಗುಹಾಕಿದೆವು. ಐದನೇ ಕ್ಲಾಸಿನ ಮಕ್ಕಳು ಕತ್ತೆತ್ತಿ ಫ್ರೇಮಿನ ತಳ ನೋಡಿಕೊಂಡು ಹೋದರು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಎಲ್ಲವನ್ನೂ ಒಂದು ಅಡಿ ಇಳಿಸಿದೆವು. ಕರಾವಳಿಯಲ್ಲಿ ಜುಲೈನಲ್ಲಿ ಮಾಡಿದ್ದು ಇನ್ನೊಂದು ತಪ್ಪು. ಥಂಡಿಗೆ ಡಬಲ್ ಟೇಪ್ ಬಿಟ್ಟುಕೊಂಡು ರಾತ್ರಿಯಿಡೀ ಫೋಟೋಗಳು ಒಂದೊಂದಾಗಿ ಬಿದ್ದವು. ಈಗ ಗೋಡೆಯುದ್ದಕ್ಕೂ ತಂತಿ ಕಟ್ಟಿ ಕೊಕ್ಕೆ ಹಾಕುತ್ತೇವೆ. ಉದ್ಘಾಟನೆಗೆ ಕುರ್ಚಿ ಹಾಕುವುದಿಲ್ಲ. ಕುರ್ಚಿ ಇದ್ದರೆ ಭಾಷಣ ಒಂದೂವರೆ ಗಂಟೆ, ಫೋಟೋ ನೋಡುವುದು ಹತ್ತು ನಿಮಿಷ.

ಕನ್ನಡದ ಶೀರ್ಷಿಕೆಗಳ ಕಾಟ ಬೇರೆ. 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟರೆ, ಪ್ರಿಂಟ್ ಹಾಕುವವರ ಹತ್ತಿರ ಆ ಫಾಂಟ್ ಇಲ್ಲದೆ ಬರೀ ಚಿತ್ರವಿಚಿತ್ರ ಗುರುತುಗಳು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಅಕ್ಷರದಲ್ಲಿ ಕೊಟ್ಟರೆ ಫೋಟೋಶಾಪ್ ಒತ್ತಕ್ಷರ ಕಳಚಿ 'ಬೆಟ್ಟ'ವನ್ನು 'ಬೆಟ್‌ಟ' ಮಾಡುತ್ತಿತ್ತು. ಆಗಿನ ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಒತ್ತಿದರೆ ಸರಿಹೋಗುತ್ತಿತ್ತು ಅಂತ ತಿಳಿಯುವಷ್ಟರಲ್ಲಿ ಎರಡು ಪ್ರದರ್ಶನ ಮುಗಿದಿದ್ದವು.

ಹಾಸನದಲ್ಲಿ ಮಾಡಿದಾಗ ಮಾವ ಬಂದರು, ಕೋಲೂರಿಕೊಂಡು. ಅವರ ಸ್ಟುಡಿಯೋದ ಹಳೇ ನೆಗೆಟಿವ್‌ಗಳನ್ನೇ ಸ್ಕ್ಯಾನ್ ಮಾಡಿ, ಮನೆಯವರನ್ನು ಕೇಳಿ ಒಪ್ಪಿಸಿ, ನಾನೊಂದು ಸರಣಿ ಮಾಡಿದ್ದೆ. ಬಣ್ಣದ ಪರದೆ ಮುಂದೆ ಸೆಟೆದು ನಿಂತ ಸಂಸಾರಗಳು. ಪರದೆ ಸಮೇತ ಅವರನ್ನು ಈಗಿನ ಗದ್ದೆ, ಬಸ್‌ಸ್ಟ್ಯಾಂಡ್, ಕೆರೆ ಏರಿಗೆ ತಂದು ನಿಲ್ಲಿಸಿದ್ದೆ. ಅಂಚು ಎಲ್ಲೂ ಕಾಣದ ಹಾಗೆ ಒಂದೊಂದಕ್ಕೂ ವಾರಗಟ್ಟಲೆ ಕೂತಿದ್ದೆ. ಮಾವ ಗದ್ದೆಯ ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ಮೆಚ್ಚುತ್ತಾರೆ ಅಂತ ನಾನೂ ಪಕ್ಕದಲ್ಲಿ ನಿಂತೆ.

'ದೀಪ ಎಡಗಡೆ ಇಟ್ಟಿದ್ದು ನಾನೇ ಕಣೋ' ಅಂದರು. 'ನೀನು ಯಾಕೆ ಸೂರ್ಯನ್ನ ಬಲಗಡೆಗೆ ಕರ್ಕೊಂಡು ಹೋದೆ?'

ನೋಡಿದೆ. ಮುಖಗಳ ಮೇಲೆ ಬೆಳಕು ಎಡದಿಂದ. ಬದುವಿನ ಹುಲ್ಲಿನ ನೆರಳೂ ಎಡಕ್ಕೇ ಬಿದ್ದಿತ್ತು. ಗದ್ದೆಯನ್ನು ನಾನು ದಕ್ಷಿಣಕ್ಕೆ ಮುಖ ಮಾಡಿ ಸಂಜೆ ತೆಗೆದಿದ್ದೆ.

ಪ್ರದರ್ಶನ ಮುಗಿಯುವ ತನಕ ಆ ಚಿತ್ರ ಅಲ್ಲೇ ಇತ್ತು, ಬೇರೆ ಯಾರೂ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಕ್ಯಾಮೆರಾ ಹಿಡಿದು ಅದೇ ಬದುವಿನ ಮೇಲೆ ನಿಂತಿದ್ದೆ. ಈ ಸಲ ಮಾವನೂ ಬಂದಿದ್ದರು.