ಲಂಡನ್ ಆದ ಮೇಲೆ ಹೇಡ್ರಿಯನ್ ಗೋಡೆಗೂ ಒಂದು ದಿನ ಇಡಿ

ಬ್ರಿಟನ್‌ಗೆ ಬರುವವರು ದಯವಿಟ್ಟು ಲಂಡನ್ ಒಂದನ್ನೇ ನೋಡಿ ವಾಪಸ್ ಹೋಗಬೇಡಿ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕ್ರಿ.ಶ. 122ರಲ್ಲಿ ಕಟ್ಟಲು ಶುರುಮಾಡಿದ ಹೇಡ್ರಿಯನ್ ಗೋಡೆ ಇದೆ. ಉದ್ದ ಸುಮಾರು 117 ಕಿಲೋಮೀಟರ್. ಪೂರ್ತಿ ನಡೆಯಬೇಕಿಲ್ಲ. ಸ್ಟೀಲ್ ರಿಗ್‌ನಿಂದ ಹೌಸ್‌ಸ್ಟೆಡ್ಸ್ ಕೋಟೆಯವರೆಗೆ ನಡೆದರೆ ಸಾಕು, ಬಂಡೆಗಳ ನೆತ್ತಿಯ ಮೇಲೆ ಗೋಡೆ ಏರಿ ಇಳಿಯುವುದು ಕಣ್ಣಿಗೆ ಹಬ್ಬ.

ಹತ್ತಿರದ ರೋಮನ್ ಕೋಟೆ ವಿಂಡೋಲಾಂಡಾವನ್ನು ಮಾತ್ರ ಬಿಡಲೇಬೇಡಿ. ಅಲ್ಲಿನ ಮಣ್ಣಿನಲ್ಲಿ ತೆಳು ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಕ್ಕಿವೆ. ಒಂದರಲ್ಲಿ ಕ್ಲಾಡಿಯಾ ಸೆವೆರಾ ಎಂಬಾಕೆ ತನ್ನ ಹುಟ್ಟುಹಬ್ಬಕ್ಕೆ ಗೆಳತಿಯನ್ನು ಕರೆಯುತ್ತಾಳೆ. ಇನ್ನೊಂದರಲ್ಲಿ ಯಾರಿಗೋ ಕಳಿಸಿದ ಕಾಲುಚೀಲದ ಲೆಕ್ಕ! ಸುಮಾರು 1900 ವರ್ಷ ಹಳೆಯ ಮಾತುಗಳು, ನಮ್ಮ ಮನೆಯವೇ ಅನ್ನಿಸುತ್ತವೆ ಅಲ್ವಾ? ಹುಟ್ಟುಹಬ್ಬದ ಪತ್ರ ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿ.

ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ನ್ಯೂಕ್ಯಾಸಲ್‌ಗೆ ರೈಲಿನಲ್ಲಿ ಹತ್ತಿರ ಹತ್ತಿರ ಮೂರು ಗಂಟೆ. ಟಿಕೆಟ್ ಮೊದಲೇ ತೆಗೆದರೆ ಅಗ್ಗ. ಅಲ್ಲಿಂದ ಹೆಕ್ಸ್‌ಹ್ಯಾಮ್‌ಗೆ ಇನ್ನೊಂದು ರೈಲು, ಆಮೇಲೆ ಎಡಿ 122 ಬಸ್ಸು. ಗೋಡೆ ಶುರುವಾದ ವರ್ಷವೇ ಬಸ್ಸಿನ ನಂಬರು! ಚಳಿಗಾಲದಲ್ಲಿ ಬಸ್ಸು ಕಡಿಮೆ, ವೇಳೆ ನೋಡಿಕೊಂಡೇ ಹೊರಡಿ. ಬೇಸಿಗೆಯಾದರೂ ಗಾಳಿ ಜಾಸ್ತಿ. ಕೊಡೆ ನಿಲ್ಲುವುದಿಲ್ಲ, ಮಳೆ ಜಾಕೆಟ್ ಇರಲಿ.