ತಡವಾದ ರೈಲಿನಿಂದ ಜರ್ಮನ್ ಪಾಠ

ನಾನು ವಿಶ್ವವಿದ್ಯಾಲಯದಲ್ಲಿ ಜರ್ಮನ್ ಕಲಿಸುತ್ತೇನೆ. ದೊಡ್ಡವರ ಭಾಷೆಯಲ್ಲಿ ಇದು ಸಾಂಸ್ಕೃತಿಕ ರಾಜತಾಂತ್ರಿಕತೆ, ಅಂದರೆ ಭಾಷೆ, ಸಂಸ್ಕೃತಿಯ ಮೂಲಕ ಬೇರೆ ದೇಶದವರ ಒಲವು ಗಳಿಸುವುದು. ಕ್ಲಾಸಿನಲ್ಲಿ ಹಾಗೇನೂ ಅನ್ನಿಸುವುದಿಲ್ಲ, ನಾಮಪದದ ಲಿಂಗ ತೋರಿಸುವ ಡೆರ್, ಡೀ, ದಾಸ್ ತಿದ್ದುವುದರಲ್ಲೇ ಹೊತ್ತು ಹೋಗುತ್ತದೆ. ಆದರೆ ತನ್ನ ಭಾಷೆ ಕಲಿಸಲು ಯಾವ ದೇಶವೂ ಸುಮ್ನೆ ದುಡ್ಡು ಹಾಕುವುದಿಲ್ಲ ಅಲ್ವಾ? ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ಪ್ಯಾರಿಸ್‌ನಲ್ಲಿ ಹುಟ್ಟಿದ್ದು 1883ರಲ್ಲಿ. ಯುದ್ಧದಲ್ಲಿ ಹೆಸರು ಕೆಡಿಸಿಕೊಂಡಿದ್ದ ಜರ್ಮನಿ 1951ರಲ್ಲಿ ಜರ್ಮನ್ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟ್ ತೆರೆಯಿತು. ಹೊರದೇಶದ ವಿಶ್ವವಿದ್ಯಾಲಯಗಳಿಗೆ ಮೇಷ್ಟ್ರುಗಳನ್ನು ಕಳಿಸಲು ಡಿಎಎಡಿ ಎಂಬ ಜರ್ಮನ್ ಸಂಸ್ಥೆ ಇದೆ.

ನಮಗೆ ಬರುವ ಪಠ್ಯಪುಸ್ತಕಗಳು ಚೆಂದ. ಒಂದೇ ತಕರಾರು, ಅವುಗಳಲ್ಲಿ ಎಲ್ಲ ರೈಲೂ ಸರಿಯಾದ ಹೊತ್ತಿಗೆ ಬರುತ್ತವೆ! ನಿಜ ಬೇರೆ. ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ಜರ್ಮನಿಯ ರೈಲ್ವೆ ಕಂಪನಿ ಡಾಯ್ಚ ಬಾನ್ ಅದನ್ನು ತಡ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೂ 2023ರಲ್ಲಿ ಅದರ ದೂರದ ರೈಲುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ತಡ. ಹಾಗಾಗಿ ರೈಲು ನಿಲ್ದಾಣದ ಪಾಠ ಬಂದಾಗ ನಾನು ಪುಸ್ತಕ ಮುಚ್ಚಿಸುತ್ತೇನೆ. ಒಬ್ಬರು ಕೌಂಟರಿನಲ್ಲಿ ಕೂರಬೇಕು, ಇನ್ನೊಬ್ಬರು ರೈಲು ತಡವಾಗಿ ಮುಂದಿನ ರೈಲು ತಪ್ಪಿಸಿಕೊಂಡು ಬಂದು ಜಗಳ ಆಡಬೇಕು. ಒಂದು ಗಂಟೆ ತಡವಾದರೆ ಸಾಮಾನ್ಯವಾಗಿ ಟಿಕೆಟ್ ಹಣದ ಕಾಲು ಭಾಗ ವಾಪಸ್, ಎರಡು ಗಂಟೆಗೆ ಅರ್ಧ. ಆ ಕಾಲು ಭಾಗಕ್ಕಾಗಿ ವಿದ್ಯಾರ್ಥಿಗಳು ಆಡುವ ಜರ್ಮನ್ ಕೇಳಬೇಕು! ಬಾಯಿಪಾಠ ಮಾಡಿದ ಸಂಭಾಷಣೆಯಲ್ಲಿ ಆ ಬಿರುಸು ಬರುವುದೇ ಇಲ್ಲ.

ಇದರಿಂದ ಆ ದೇಶದ ಮೇಲಿನ ಒಲವು ಕಡಿಮೆಯಾಗಿದ್ದನ್ನು ನಾನು ಕಂಡಿಲ್ಲ. ತನ್ನ ಹುಳುಕನ್ನು ತಾನೇ ಬೈದುಕೊಳ್ಳುವ ದೇಶವನ್ನು ಹುಡುಗರು ಬೇಗ ನಂಬುತ್ತಾರೆ.

ಚೀನೀ ಭಾಷೆ ಕಲಿಸುವ ಚೀನಾದ ಕನ್‌ಫ್ಯೂಷಿಯಸ್ ಸಂಸ್ಥೆಗಳು ಎಡವಿದ್ದು ಇಲ್ಲೇ ಅಂತ ನನ್ನ ಲೆಕ್ಕ. 2004ರಲ್ಲಿ ಶುರುವಾದ ಅವು ವಿಶ್ವವಿದ್ಯಾಲಯಗಳ ಒಳಗೇ ಜಾಗ ಪಡೆದವು. ತೈವಾನ್, ಟಿಬೆಟ್ ಮಾತು ಅಲ್ಲಿ ಎತ್ತುವ ಹಾಗಿಲ್ಲ ಎಂಬ ದೂರುಗಳು ಬಂದವು. ಷಿಕಾಗೊ ವಿಶ್ವವಿದ್ಯಾಲಯ 2014ರಲ್ಲಿ ಒಪ್ಪಂದ ಮುಂದುವರಿಸಲಿಲ್ಲ. 2020ರ ಹೊತ್ತಿಗೆ ಸ್ವೀಡನ್‌ನಲ್ಲಿ ಒಂದೂ ಉಳಿಯಲಿಲ್ಲ. ಭಾಷೆ ಕಲಿಸಿದ ಮೇಲೆ ಆ ಭಾಷೆಯಲ್ಲೇ ಪ್ರಶ್ನೆ ಬರುತ್ತದೆ, ತಡೆಯೋಕಾಗುತ್ತಾ?

ಎರಡನೇ ವರ್ಷದಿಂದ ಟ್ಯಾಂಡೆಮ್ ಮಾಡಿಸುತ್ತೇನೆ. ಜರ್ಮನಿಯ ಒಬ್ಬ ವಿದ್ಯಾರ್ಥಿ, ನಮ್ಮವರೊಬ್ಬರು, ಆನ್‌ಲೈನ್‌ನಲ್ಲಿ ಜೋಡಿ. ಅರ್ಧ ಹೊತ್ತು ಅವರ ಭಾಷೆ, ಅರ್ಧ ಹೊತ್ತು ನಮ್ಮದು. ಗಡಿಯಾರ ನೋಡಿ ಬದಲಾಯಿಸಲೇಬೇಕು, ಇಲ್ಲದಿದ್ದರೆ ಚೆನ್ನಾಗಿ ಬರುವ ಭಾಷೆಗೇ ಇಬ್ಬರೂ ಜಾರುತ್ತಾರೆ. ಇಲ್ಲಿ ಕಲಿಯುವವರೇ ಕಲಿಸುವವರೂ ಆಗುವುದರಿಂದ ಸಂಕೋಚ ಬೇಗ ಬಿಡುತ್ತದೆ.

ವರ್ಷದ ಕೊನೆಗೆ ಅನುದಾನದ ವರದಿ ಬರೆಯಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ಎ2 ಎಂಬ ಎರಡನೇ ಹಂತದ ಭಾಷಾ ಪರೀಕ್ಷೆ ಪಾಸಾದರು, ಇಷ್ಟೇ ಅಲ್ಲಿ ಕೇಳುವುದು. ಹುಡುಗರು ತಮ್ಮ ಟ್ಯಾಂಡೆಮ್ ಜೋಡಿಗಳಿಗೆ ಕೇಳಿದ ಪ್ರಶ್ನೆಗಳ ಒಂದು ಹಾಳೆಯನ್ನೂ ನಾನು ಅದಕ್ಕೆ ಲಗತ್ತಿಸುತ್ತೇನೆ. ಯಾರೂ ಬೇಡ ಅಂದಿಲ್ಲ.