ಮೂಲೆ ಕೂಡಿತು: ಮಾವನ ಎಕ್ಸ್‌ರೇ, ಮೆಟ್ಟುಗತ್ತಿ ಮತ್ತು ನನ್ನ ಕೌದಿ

ಕಳೆದ ತಿಂಗಳು ಮುಗಿಸಿದ ಕೌದಿಯಲ್ಲಿ 330 ಚೌಕಗಳಿವೆ. ಅಗಲಕ್ಕೆ 15, ಉದ್ದಕ್ಕೆ 22. ಐದಾರು ಕಡೆ ಕೂದಲೆಳೆಯಷ್ಟು ಜಾರಿದೆ. ಉಳಿದ ಕಡೆಯೆಲ್ಲ ನಾಲ್ಕು ಬಟ್ಟೆಯ ಮೂಲೆಗಳು ಒಂದೇ ಚುಕ್ಕಿಯಲ್ಲಿ ಕೂತಿವೆ. ಇದಕ್ಕೆ ಬಳಸಿದ ಸಾಮಾನು ಹೆಚ್ಚುಕಮ್ಮಿ ಎಲ್ಲವೂ ಸಾಗರದ ಹತ್ತಿರದ ನಮ್ಮ ಮನೆಯಲ್ಲೇ ಇದ್ದವು.

"ರೋಟರಿ ಕಟರ್ ಇಲ್ಲದೆ ಪ್ಯಾಚ್‌ವರ್ಕಿಗೆ ಕೈ ಹಾಕ್ಬೇಡಿ, ಬಟ್ಟೆ ದಂಡ" ಎಂದು ಶಿವಮೊಗ್ಗದಲ್ಲಿ ನನಗೆ ಹೊಲಿಗೆ ಕಲಿಸಿದ ಮೇಡಂ ಹೇಳಿದ್ದರು. ರೋಟರಿ ಕಟರ್ ಎಂದರೆ ಬಟ್ಟೆ ಮೇಲೆ ಉರುಳಿಸಿ ಕತ್ತರಿಸುವ ದುಂಡು ಬ್ಲೇಡು. ಅತ್ತೆ ಕೂಡ, "ಸೀರೆ ಮೇಲೆ ಸೀರೆ ಹಾಸಿ ದಾರ ಓಡಿಸಿದ್ರೆ ಆಯ್ತಲ್ಲೇ ಮಾರಾಯ್ತಿ" ಎಂದಿದ್ದರು.

ಮೊದಲು ನಾನೂ ದುಡ್ಡು ಸುರಿದವಳೇ. ಕಟರ್, ಕತ್ತರಿಸುವಾಗ ಕೆಳಗೆ ಹಾಸುವ ಮ್ಯಾಟು, ಅಕ್ರಿಲಿಕ್ ಸ್ಕೇಲು ಎಲ್ಲ ಸೇರಿ ಸುಮಾರು 2,600 ರೂಪಾಯಿ. ಏಪ್ರಿಲ್‌ನಲ್ಲಿ ಒಂದು ದಿನ ಮ್ಯಾಟನ್ನು ಒರೆಸಿ, ಹಲಸಿನ ಹಪ್ಪಳ ಹಾಕಿದ್ದ ಅಂಗಳದಲ್ಲೇ ಒಣಗಲು ಇಟ್ಟೆ. ಸಂಜೆಗೆ ಅದು ದೋಣಿಯ ಹಾಗೆ ಬಾಗಿತ್ತು. ಬಿಸಿನೀರು ಹೊಯ್ದು, ಮೇಲೆ ಭಾರ ಹೇರಿ ವಾರ ಬಿಟ್ಟರೂ ಸರಿಯಾಗಲಿಲ್ಲ. ಇನ್ನೊಂದು ಕೊಳ್ಳುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಅಳತೆಯ ಅಚ್ಚಿಗೆ ಮೊದಲು ಕೈಗೆ ಸಿಕ್ಕಿದ್ದು ಅಡಿಕೆ ಹಾಳೆ. ಹಸಿ ಇದ್ದಾಗ ಚೆನ್ನಾಗಿ ಕತ್ತರಿಸಲು ಬಂತು. ಒಣಗಿದ ಮೇಲೆ ಅಂಚು ಸುರುಟಿತು. ಮಳೆ ಹಿಡಿದ ಮೇಲೆ ಬೂಸ್ಟು. ನಲವತ್ತು ಚೌಕ ಕತ್ತರಿಸಿ ಹೋಲಿಸಿ ನೋಡಿದರೆ ಒಂದೊಂದೂ ಒಂದೊಂದು ಅಳತೆ. ಆಮೇಲೆ ಮದುವೆ ಕಾಗದದ ರಟ್ಟು. ಚಾಕ್ ತಾಗಿ ತಾಗಿ ಇಪ್ಪತ್ತನೇ ಚೌಕಕ್ಕೇ ಅದರ ಮೂಲೆ ಸವೆಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಮಾವನ ಮಂಡಿಯ ಎಕ್ಸ್‌ರೇ. ಹತ್ತು ಹದಿನೈದು ವರ್ಷ ಹಳೆಯದು, ಬೀರುವಿನ ಮೇಲೆ ಬಿದ್ದಿತ್ತು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ರಾತ್ರಿ ನೆನೆಸಿದೆ. ಬೆಳಿಗ್ಗೆ ತೆಂಗಿನ ನಾರಿನಿಂದ ಮೆಲ್ಲಗೆ ತಿಕ್ಕಿದರೆ ಕಪ್ಪೆಲ್ಲ ಲೋಳೆಯಾಗಿ ಬಿಟ್ಟಿತು. ಒಳಗಿಂದ ತಿಳಿ ನೀಲಿ ಹಾಳೆ, ಕೆಳಗಿನ ಬಟ್ಟೆಯ ಎಳೆ ಎಣಿಸುವಷ್ಟು ಸ್ಪಷ್ಟ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಬಚ್ಚಲಲ್ಲಿ ಬೇಡ, ಹೊರಗೆ ಮಾಡಿ. ಇತ್ತೀಚಿನ ಒಂದು ಫಿಲಂ ಹಾಕಿ ನೋಡಿದೆ, ಅದಕ್ಕೆ ಕಪ್ಪು ಬಿಡಲೇ ಇಲ್ಲ. ಹಳೆಯದೇ ಹುಡುಕಿ.

ನಾಲ್ಕೂವರೆ ಇಂಚಿಗೆ ಕತ್ತರಿಸಿ, ಒಳಗೆ ಸುತ್ತ ಕಾಲಿಂಚಿನ ಗೆರೆಯನ್ನು ಸೂಜಿಯಿಂದ ಗೀರಿದೆ. ಬಟ್ಟೆ ಮೇಲೆ ಜಾರುತ್ತಿತ್ತು. ಬಡಗಿಯಿಂದ ಉಪ್ಪುಕಾಗದದ ಚೂರು ತಂದು ನಾಲ್ಕು ಮೂಲೆಗೆ ಅಡಿಯಿಂದ ಅಂಟಿಸಿದ ಮೇಲೆ ಅಲ್ಲಾಡಲಿಲ್ಲ. 330 ಚೌಕ ಕತ್ತರಿಸಿದ ಮೇಲೂ ಅದರ ಮೂಲೆ ಹಾಗೇ ಇದೆ.

ಗುರುತಿಗೆ ಸವೆದ ಬಿಳಿ ಸೋಪು ಎಲ್ಲರೂ ಬಳಸುತ್ತೇವೆ, ಅಲ್ವಾ? ಬಣ್ಣದ ಸೋಪು, ಎಣ್ಣೆ ಅಂಶದ ಸೋಪು ಬೇಡ. ಇಸ್ತ್ರಿ ತಾಗಿದರೆ ಜಿಡ್ಡಿನ ಕಲೆ ಕೂರುತ್ತದೆ. ಕಪ್ಪು ಬಟ್ಟೆಯ ಮೇಲೆ ಹೊಲಿಗೆ ವಿನ್ಯಾಸ ಮೂಡಿಸಲು ನಾನು ಬಳಸುವುದು ರಂಗೋಲಿ ಕೊಳವೆ, ಹೊಸಿಲಿಗೆ ಎಳೆ ಬಿಡಿಸಲು ಉರುಳಿಸುತ್ತೇವಲ್ಲ, ಅದೇ. ರಂಗೋಲಿ ಪುಡಿ ದಪ್ಪ, ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಸೀಮೆಸುಣ್ಣ ಅರೆದು ಮಲ್‌ಬಟ್ಟೆಯಲ್ಲಿ ಸೋಸಿ ತುಂಬಿ. ಪುಡಿ ಒಮ್ಮೆಲೇ ಸುರಿಯದ ಹಾಗೆ ತೂತುಗಳಿಗೆ ಏನು ಮಾಡಿದ್ದೇನೆ ಎನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಇನ್ನು ಹೊಲಿಗೆ. ಬಟ್ಟೆಯ ಅಂಚಿನಿಂದ ಹೊಲಿಗೆಗೆ ಬಿಡುವ ಕಾಲಿಂಚು ತಪ್ಪಿದರೆ ಕತ್ತರಿಸಿದ್ದೆಲ್ಲ ನೀರಲ್ಲಿ ಹೋಮ. ಹೊಲಿಗೆ ಅರ್ಧ ನೂಲು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ, ಒಳಗೆ ಹೋದರೂ ಎರಡೂ ಬದಿಯ ಬಟ್ಟೆ ಸೇರಿ ಅಗಲದ ಹದಿನಾಲ್ಕು ಹೊಲಿಗೆಗೆ ಒಂದೂಮುಕ್ಕಾಲು ಇಂಚು ಮಾಯ. ನನ್ನದು ಕಾಲಲ್ಲಿ ತುಳಿಯುವ ಹಳೇ ಮೆಷಿನ್. ಕಾಲಿಂಚಿನ ಗುರುತಿಗೆ ಮೊದಲು ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ನೋಡಿದೆ. ಎಣ್ಣೆ ತಾಗಿ ಎರಡೇ ದಿನಕ್ಕೆ ಸಡಿಲವಾಯಿತು. ಈಗ ಗಾಯಕ್ಕೆ ಹಾಕುವ ಬಿಳಿ ಟೇಪು. ಫಿಲಂ ಮೇಲಿನ ಗೆರೆಗೆ ಸೂಜಿ ಇಳಿಸಿ, ಫಿಲಂ ಅಂಚಿಗೆ ಸರಿಯಾಗಿ ಏಳೆಂಟು ಪದರ ಒಂದರ ಮೇಲೊಂದು ಅಂಟಿಸಿದರೆ ಬಟ್ಟೆಗೆ ಒಂದು ದಂಡೆ ಸಿಗುತ್ತದೆ. ಬಾಬಿನ್ ಮುಚ್ಚುವ ತಗಡಿನ ಸಂದಿನ ಮೇಲೆ ಮಾತ್ರ ಟೇಪನ್ನು ಬ್ಲೇಡಿನಿಂದ ಸೀಳಿಬಿಡಿ. ಇಲ್ಲದಿದ್ದರೆ ಬಾಬಿನ್ ಬದಲಿಸುವಾಗಲೆಲ್ಲ ಕಿತ್ತು ಬರುತ್ತದೆ.

ದಾರ ಕತ್ತರಿಸದೆ ಜೋಡಿ ಮೇಲೆ ಜೋಡಿ ಹೊಲಿದರೆ ತೋರಣದ ಹಾಗೆ ಉದ್ದಕ್ಕೆ ಬರುತ್ತದಲ್ಲ, ಅದನ್ನು ಬಿಡಿಸಲು ಮೆಟ್ಟುಗತ್ತಿಗಿಂತ (ಈಳಿಗೆಮಣೆ) ಒಳ್ಳೆಯದು ನನಗೆ ಸಿಕ್ಕಿಲ್ಲ. ಮಣೆ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿದು ದಾರವನ್ನು ಅಲಗಿಗೆ ತಾಗಿಸಿದರೆ ಟಕ್ ಎಂದು ಬಿಡುತ್ತದೆ. ನೂರು ಜೋಡಿಗೆ ಐದಾರು ನಿಮಿಷ. ಮೊದಲ ಸಲ ಅಡುಗೆಮನೆಯದನ್ನೇ ತಂದಿದ್ದೆ. ಹಿಂದಿನ ದಿನ ಹಲಸಿನ ಹಣ್ಣು ಬಿಡಿಸಿದ್ದ ಮೇಣ ಅಲಗಿನ ಬುಡದಲ್ಲಿ ಉಳಿದಿತ್ತು. ಹನ್ನೊಂದು ಚೌಕಕ್ಕೆ ಅಂಟಿತು. ಕೊಬ್ಬರಿ ಎಣ್ಣೆ ಹಚ್ಚಿದರೆ ಮೇಣ ಬಿಟ್ಟಿತು, ಎಣ್ಣೆ ಬಿಡಿಸಲು ಮೂರು ಸಲ ಒಗೆಯಬೇಕಾಯಿತು. ಆಮೇಲೆ ಮೂರು ವರ್ಷಕ್ಕೊಮ್ಮೆ ಬರುವ ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಹೊಲಿಗೆಗೆಂದೇ ಒಂದು ಚಿಕ್ಕದು ಕೊಂಡೆ, 300 ಚಿಲ್ಲರೆ.

ದೊಡ್ಡ ನಷ್ಟ ಆದದ್ದು ಭಾರದಿಂದ. ಮೂರು ಪದರ ಹಾಸಿ ಬಿಗಿಯಲು ಹಳೇ ತಕ್ಕಡಿಯ ಕಬ್ಬಿಣದ ತೂಕದ ಕಲ್ಲು ಇಟ್ಟಿದ್ದೆ. ಜುಲೈ ತಿಂಗಳು, ಕರೆಂಟಿಲ್ಲ, ಕೆಲಸ ಅರ್ಧಕ್ಕೇ ಬಿಟ್ಟು ಮಲಗಿದೆ. ಬೆಳಿಗ್ಗೆ ನಾಲ್ಕು ಕಡೆ ದುಂಡನೆಯ ತುಕ್ಕಿನ ಗುರುತು. ನಿಂಬೆಹಣ್ಣು, ಉಪ್ಪು ಉಜ್ಜಿದರೆ ತುಕ್ಕಿನ ಜೊತೆ ಬಟ್ಟೆಯ ಬಣ್ಣವೂ ಹೋಯಿತು. ಆ ಕೌದಿ ಹೇಳಿ ಮಾಡಿಸುತ್ತಿದ್ದವರಿಗೆ ಮುಂಗಡ 1,500 ವಾಪಸ್ ಕೊಟ್ಟೆ. ಈಗ ಹುಣಸೆ ಬೀಜ ತುಂಬಿದ ಹನ್ನೆರಡು ಪುಟ್ಟ ಚೀಲಗಳಿವೆ. ಅಕ್ಕಿ ತುಂಬಿದ್ದಾಗ ಹುಳ ಬಿತ್ತು, ಹುಣಸೆ ಬೀಜಕ್ಕೆ ಎರಡು ಮಳೆಗಾಲ ಕಳೆದರೂ ಏನೂ ಆಗಿಲ್ಲ.

ಹಳೇ ಸೀರೆ ಮೆತ್ತಗಾಗಿ ಕತ್ತರಿಗೆ ಸಿಗುವುದಿಲ್ಲ. ಅದಕ್ಕೆ ಗಂಜಿ ತಿಳಿ ಹಾಕಿ ಇಸ್ತ್ರಿ. ಕುಚ್ಚಲಕ್ಕಿ ಗಂಜಿ ಬಿಳಿ ಬಟ್ಟೆಗೆ ಕೆಂಪು ಛಾಯೆ ಕೊಡುತ್ತದೆ, ಬೆಳ್ತಿಗೆ ಅಕ್ಕಿಯದೇ ಬೇಕು. ಹುಳ ಬರದಿರಲು ಗಂಜಿಗೆ ಒಂದು ಸೊಪ್ಪು ಹಾಕುತ್ತೇನೆ. ಯಾವುದು ಎಂದು ಸದ್ಯಕ್ಕೆ ಹೇಳಲಾರೆ. ಇಸ್ತ್ರಿ ಮಾಡಿದ ತಕ್ಷಣ ಹೊಲಿಗೆ ಮೇಲೆ ಚಪಾತಿ ಮಣೆಯನ್ನು ಬೋರಲು ಒತ್ತಿ ಹತ್ತು ಎಣಿಸಿ. ಮರ ಹಬೆಯನ್ನು ಎಳೆದುಕೊಂಡು ಹೊಲಿಗೆ ಕಾಗದದ ಹಾಗೆ ಕೂರುತ್ತದೆ. ಎಣ್ಣೆ ಪಸೆ ಇರುವ ಮಣೆ ಬೇಡ.

ನಡುವೆ ಸಿದ್ದಿ ಸಮುದಾಯದವರ ಕೌದಿಯಾದ ಕವಂದಿ ಥರ ಒಂದು ಮಾಡಿ ನೋಡಿದೆ. ಯಲ್ಲಾಪುರ, ಹಳಿಯಾಳ ಕಡೆ ಆ ಹೆಂಗಸರು ಅಂಚಿನಿಂದ ಶುರು ಮಾಡಿ, ಚೂರುಗಳ ತುದಿ ಮಡಚುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಅಳತೆಯ ಅಚ್ಚೂ ಬೇಡ, ಮೆಷಿನ್ನೂ ಬೇಡ. ನನ್ನದು ನಡುವಿಗೆ ಬರುವಷ್ಟರಲ್ಲಿ ಗುಬ್ಬಚ್ಚಿ ಗೂಡಿನ ಹಾಗೆ ಉಬ್ಬಿತು. ಅವರ ಕೈಯ ಹದ ಬರಲು ವರ್ಷಗಳೇ ಬೇಕು. ನಾಲ್ಕು ಮೂಲೆಗೆ ಅವರು ಇಡುವ ಬಟ್ಟೆಯ ಹೂವನ್ನು ಮಾತ್ರ ನನ್ನ ಕೌದಿಗೂ ಇಟ್ಟೆ.

ಖರ್ಚು ನೆನಪಿದ್ದಷ್ಟು: ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಂದ ಕೆಳಗಿನ ಪದರದ ಬಟ್ಟೆ 900, ದಾರ 250ರ ಆಸುಪಾಸು, ಟೇಪು 40. ಮೇಲಿನದು, ಒಳಗಿನದು ಎಲ್ಲ ಹಳೇ ಹತ್ತಿ ಸೀರೆಗಳೇ. ಶಿವಮೊಗ್ಗದವರೊಬ್ಬರು 5,500 ಕೊಟ್ಟು ಒಯ್ದರು. ಕೊಡುವ ಮುಂಚೆ ಮೇಡಂಗೆ ತೋರಿಸಿದೆ. ತಿರುಗಿಸಿ ಹಿಂದಿನ ಹೊಲಿಗೆಯನ್ನೂ ನೋಡಿ, "ಆ ಫಿಲಂ ಒಂದು ನಂಗೂ ಮಾಡ್ಕೊಡ್ತೀರಾ?" ಎಂದರು.

ಮಾಡಿಕೊಡಬೇಕು. ಪಕ್ಕದ ಮನೆಯ ಅಜ್ಜಯ್ಯ ಬೆನ್ನಿನ ಎಕ್ಸ್‌ರೇ ಎರಡು ಕಳಿಸಿದ್ದಾರೆ. ಅವು ದೊಡ್ಡವು, ಒಂದೊಂದರಲ್ಲೂ ಆರಿಂಚಿನ ತ್ರಿಕೋನ ಎರಡಾದರೂ ಬರುತ್ತದೆ.